ಹಳೆಯ ಕಾರಿನ ಕೀಲೆಣ್ಣೆ

ಎತ್ತಿನ ಗಾಡಿಯನ್ನು ಹೂಡುವ ಮೊದಲು ಗಾಡಿಯವನು ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ತೂಗುಹಾಕಿಕೊಂಡು ಅವನು ಊರೂರು ತಿರುಗುತ್ತಿದ್ದನು. ಎಣ್ಣೆ ತೀರಿದರೆ ಅಚ್ಚು ತಾನಾಗಿಯೇ ಕಿರುಗುಟ್ಟಿ ಯಜಮಾನನನ್ನು ಎಚ್ಚರಿಸುತ್ತಿತ್ತು.

ಮೋಟಾರು ಕಾರಿನಲ್ಲಿಯೂ ಇಂತಹ ಕೀಲೆಣ್ಣೆ ಉಂಟು. ಆದರೆ ಅದು ಲೋಹದ ಪೆಟ್ಟಿಗೆಗಳೊಳಗೆ ಅಡಗಿದೆ. ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದರೆ ಚಾಲಕನ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಹಾಗೂ ಡಿಫರೆನ್ಷಿಯಲ್ಲಿನ ಎಣ್ಣೆಗೆ ಸಾಮಾನ್ಯವಾಗಿ ಅಂತಹ ದೀಪವೂ ಇಲ್ಲ. ಆದುದರಿಂದಲೇ ಅದನ್ನು ಮರೆಯುವವರು ಬಹಳ. ಇನ್ನು ಕೆಲವರು, “ಲಕ್ಷ ಕಿಲೋಮೀಟರ್ ದಾಟಿದ ಕಾರಿನ ಗೇರೆಣ್ಣೆಯನ್ನು ಮುಟ್ಟಬಾರದು, ಹಳೆಯದು ಹಲ್ಲುಗಳಿಗೆ ಹೊಂದಿಕೊಂಡಿದೆ, ಹೊಸದನ್ನು ಹಾಕಿದರೆ ಕೆಡುತ್ತದೆ” ಎನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ವಿವೇಚಿಸೋಣ.

ಎರಡು ಪೆಟ್ಟಿಗೆಗಳು

೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಅದರ ಎಂಜಿನ್ ಮುಂದಿದೆ. ಆದರೆ ಕಾರನ್ನು ತಳ್ಳುವುವು ಹಿಂದಿನ ಚಕ್ರಗಳು. ಎಂಜಿನ್ನಿಗೆ ಅಂಟಿಕೊಂಡಿರುವ ಗೇರ್‌ಬಾಕ್ಸ್ ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ಅಂಗಡಿ. ಹಲ್ಲುಚಕ್ರಗಳ ಪ್ರಮಾಣ ೪:೧ ಆಗಿದ್ದರೆ, ಎಂಜಿನ್ ನಿಮಿಷಕ್ಕೆ ೨,೦೦೦ ಸುತ್ತು ತಿರುಗುವಾಗ ಹೊರಬರುವ ದಂಡ ೫೦೦ ಸುತ್ತು ತಿರುಗುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ತಿರುಚುವ ಬಲ ನಾಲ್ಕುಪಟ್ಟಾಗುತ್ತದೆ.

ಈ ದಂಡವು ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ಲಿಗೆ ಶಕ್ತಿಯನ್ನು ಒಯ್ಯುತ್ತದೆ. ಅದರ ಅಗತ್ಯವೇನು? ಕಾರು ಕಾಲುವೃತ್ತದಷ್ಟು ತಿರುಗುವಾಗ ಒಳಗಿನ ಚಕ್ರದ ಹಾದಿಯ ತ್ರಿಜ್ಯ ೫ ಮೀಟರ್, ಹೊರಗಿನದರದು ೬.೪ ಮೀಟರ್ ಎಂದಿಟ್ಟುಕೊಳ್ಳಿ. ಒಳಚಕ್ರ ಸುಮಾರು ೭.೮೫ ಮೀಟರ್ ಉರುಳಿದರೆ ಹೊರಚಕ್ರ ೧೦.೦೫ ಮೀಟರ್ ಉರುಳಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಒಂದು ಚಕ್ರ ನೆಲವನ್ನು ಉಜ್ಜಲೇಬೇಕಾಗುತ್ತಿತ್ತು. ಡಿಫರೆನ್ಷಿಯಲ್ ಅವೆರಡಕ್ಕೂ ಬೇರೆಬೇರೆ ವೇಗದ ಸ್ವಾತಂತ್ರ್ಯವನ್ನು ಕೊಟ್ಟು, ಸರಾಸರಿಯನ್ನು ಮಾತ್ರ ತನ್ನ ಅಧೀನದಲ್ಲಿ ಇಟ್ಟುಕೊಳ್ಳುತ್ತದೆ. ಅದರ ದೊಡ್ಡ ಚಕ್ರ ೧೦೦ ಸುತ್ತು ತಿರುಗಿದಾಗ ಒಳಚಕ್ರ ೯೦ ಸುತ್ತು ತಿರುಗಿದರೆ, ಹೊರಚಕ್ರ ೧೧೦ ಸುತ್ತು ತಿರುಗುತ್ತದೆ.

ಹಾರಿಹೋದ ಬೆಣೆ

ಎಣ್ಣೆ ಲೋಹಗಳನ್ನು ಹೇಗೆ ಕಾಯುತ್ತದೆ? ಇದಕ್ಕೆ ಉತ್ತರ ದೊರೆತುದು ಒಂದು ಆಕಸ್ಮಿಕದಿಂದ. ೧೮೮೩ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆಗಾಗಿ ಕೊರೆದ ರಂಧ್ರದಿಂದ ಎಣ್ಣೆ ಒಳಗಿಳಿಯುವ ಬದಲು ಹೊರಗೆ ಉಕ್ಕಿತು. ಬೆಂಡಿನಿಂದ ಮುಚ್ಚಿದರು, ಅದು ಹಾರಿತು. ಮರದ ಬೆಣೆ ಹೊಡೆದರು, ಅದೂ ಹೊರಬಂದಿತು. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಹೊರೆಯ ಸರಾಸರಿ ಒತ್ತಡಕ್ಕಿಂತ ಇಮ್ಮಡಿಗೂ ಮೀರಿದ ಒತ್ತಡ ಎಣ್ಣೆಯಲ್ಲಿ ಕಂಡಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತಿತ್ತು! ೧೮೮೬ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಇದನ್ನು ಗಣಿತದ ಮೂಲಕ ವಿವರಿಸಿದರು. ಹೀಗೆ ಲೋಹ ಲೋಹವನ್ನು ಮುಟ್ಟದಂತೆ ತಡೆಯುವುದು ಎಣ್ಣೆಯ ಸ್ನಿಗ್ಧತೆ.

ಹಲ್ಲುಗಳ ನಡುವೆ

ಹಲ್ಲುಚಕ್ರಗಳಲ್ಲಿ ಪರಿಸ್ಥಿತಿ ಇನ್ನೂ ಕಠಿನ. ಎರಡು ಹಲ್ಲುಗಳು ಕೂಡುವ ಸ್ಥಳ ಒಂದು ಸಣ್ಣ ಗೆರೆಯಷ್ಟೇ ಆಗಿರುವುದರಿಂದ, ಅಲ್ಲಿ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರದಷ್ಟಕ್ಕೆ ಏರಬಹುದು. ಆ ಕ್ಷಣದಲ್ಲಿ ಎಣ್ಣೆ ಘನವಸ್ತುವಿನಂತೆ ಬಿಗಿಯಾಗಿ ಹೊರೆಯನ್ನು ಹೊರುತ್ತದೆ. ಆದರೂ ಆ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಮೆ.

ಹಿಂದಿನ ಅಚ್ಚಿನಲ್ಲಿ ಸಾಮಾನ್ಯವಾಗಿ ಬಳಸುವ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಉದ್ದಕ್ಕೂ ಜಾರುತ್ತವೆ. ಹೊರೆ ಹೆಚ್ಚಿದಾಗ ಪದರ ಹರಿದುಹೋಗುವುದುಂಟು. ಆದುದರಿಂದ ಗೇರೆಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅದರ ಘಾಟು ವಾಸನೆಗೆ ಈ ಗಂಧಕವೇ ಕಾರಣ. ಹಲ್ಲು ಬಿಸಿಯಾದ ಕಡೆ ಇವು ಕಬ್ಬಿಣದೊಡನೆ ಕೂಡಿ ತೆಳ್ಳನೆಯ ಪೊರೆಯನ್ನು ರಚಿಸುತ್ತವೆ. ಲೋಹದ ಬದಲು ಈ ಪೊರೆ ಸವೆಯುತ್ತದೆ, ಹಲ್ಲು ಉಳಿಯುತ್ತದೆ.

ಹಾಗೆಂದು ಎಲ್ಲ ಪೆಟ್ಟಿಗೆಗೂ ಒಂದೇ ಎಣ್ಣೆ ಸಲ್ಲದು. ಗೇರ್ ಬದಲಿಸುವಾಗ ವೇಗಗಳನ್ನು ಸರಿಹೊಂದಿಸುವ ಹಿತ್ತಾಳೆಯ ಉಂಗುರಗಳು ಅನೇಕ ಗೇರ್‌ಬಾಕ್ಸುಗಳಲ್ಲಿ ಇವೆ. ಇವುಗಳ ಕೆಲಸ ನಡೆಯುವುದೇ ಘರ್ಷಣೆಯಿಂದ. ಡಿಫರೆನ್ಷಿಯಲ್ಲಿಗೆ ಹೇಳಿದ ಜಿ.ಎಲ್.-೫ ವರ್ಗದ ಎಣ್ಣೆಯನ್ನು, ಜಿ.ಎಲ್.-೪ ಬೇಡುವ ಗೇರ್‌ಬಾಕ್ಸಿಗೆ ಸುರಿದರೆ ಉಂಗುರಗಳು ಜಾರಿ ಗೇರ್ ಕರಕರ ಎನ್ನಬಹುದು. ಕೆಲವು ಎಣ್ಣೆಗಳ ಗಂಧಕ ಹಿತ್ತಾಳೆಯನ್ನೇ ತಿನ್ನಬಹುದು. ಕಾರಿನ ಕೈಪಿಡಿಯ ಮಾತೇ ಇಲ್ಲಿ ಪ್ರಮಾಣ.

ಹಳೆಯ ಎಣ್ಣೆಯಲ್ಲಿ ಏನಿದೆ?

ಈ ಪೆಟ್ಟಿಗೆಗಳೊಳಗೆ ಇಂಧನ ಉರಿಯುವುದಿಲ್ಲ. ಆದುದರಿಂದ ಗೇರೆಣ್ಣೆ ಎಂಜಿನ್ ಎಣ್ಣೆಗಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದು ಅಮರವಲ್ಲ. ಶಾಖದಿಂದಲೂ ಗಾಳಿಯಿಂದಲೂ ಎಣ್ಣೆ ಆಕ್ಸಿಡೀಕರಣ ಹೊಂದುತ್ತದೆ. ರಕ್ಷಕ ಸಂಯುಕ್ತಗಳು ವ್ಯಯವಾಗುತ್ತವೆ. ನೀರು ಸೇರಿದರೆ ಹಾಲಿನಂತೆ ಬಿಳುಪಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸವೆದ ಲೋಹದ ಪುಡಿ ಅದರಲ್ಲಿಯೇ ಉಳಿಯುತ್ತದೆ. ಸಾಧಾರಣ ಗೇರ್‌ಬಾಕ್ಸಿನಲ್ಲಿ ಅದನ್ನು ಸೋಸುವ ಜಾಲರಿ ಇಲ್ಲ. ನಿನ್ನೆಯ ಸವೆತ ಇಂದಿನ ಸವೆತಕ್ಕೆ ಸಾಣೆಯ ಪುಡಿಯಾಗುತ್ತದೆ. ‘ಹೊಂದಿಕೊಂಡ ಎಣ್ಣೆ’ ಎಂಬುದರ ನಿಜರೂಪ ಇದು!

ಆ ಮಾತಿಗೆ ಸ್ವಲ್ಪ ಆಧಾರ ಸಿಗುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ. ಅಲ್ಲಿ ದ್ರವವು ಕೀಲೆಣ್ಣೆಯಷ್ಟೇ ಅಲ್ಲ, ಕ್ಲಚ್ಚಿನ ಫಲಕಗಳನ್ನು ಒತ್ತಿಹಿಡಿಯುವ ಸಾಧನವೂ ಹೌದು. ಬಹುಕಾಲ ಅಲಕ್ಷಿಸಿದ ಕಾರಿನಲ್ಲಿ ಫಲಕಗಳು ಮೊದಲೇ ಸವೆದಿದ್ದರೆ ದ್ರವ ಬದಲಿಸಿದ ಮೇಲೆ ದೋಷ ಹೊರಬೀಳಬಹುದು. ಅಂತಹ ಕಾರಿಗೆ ಬಲ್ಲವರ ಪರೀಕ್ಷೆ ಮೊದಲು ಆಗಬೇಕು.

ಬದಲಾಯಿಸುವ ಕ್ರಮ

ನಮ್ಮ ಮನೆಯ ಅಂಬಾಸಡರ್ ೧,೮೦,೦೦೦ ಕಿಲೋಮೀಟರ್ ಓಡಿದ ಮೇಲೆ ಹಿಂದಿನ ಅಚ್ಚಿನಿಂದ ಗುಂಯ್‌ಗುಡುವ ಸದ್ದು ಬರತೊಡಗಿತು. ಒಂದು ಭಾನುವಾರ ನಾನೇ ಎಣ್ಣೆ ಬದಲಿಸಲು ಹೊರಟೆ. ತಳದ ಬಿರಡೆಯನ್ನು ಬಿಚ್ಚಿದೆ, ಎಣ್ಣೆಯೆಲ್ಲ ಸುರಿದುಹೋಯಿತು. ಅನಂತರ ಮೇಲಿನ ಬಿರಡೆಗೆ ಕೈಹಾಕಿದರೆ ಅದು ತುಕ್ಕುಹಿಡಿದು ಕದಲಲೊಲ್ಲದು! ಮರುದಿನ ಬೆಳಗ್ಗೆ ತಾಯಿಯವರನ್ನು ಕಣ್ಣಿನ ಚಿಕಿತ್ಸೆಗೆ ಕರೆದೊಯ್ಯಬೇಕಾಗಿತ್ತು. ಎಣ್ಣೆಯಿಲ್ಲದ ಕಾರು ಅಂಗಳದಲ್ಲಿ ನಿಂತಿತು. ಭೌತಶಾಸ್ತ್ರದ ಉಪನ್ಯಾಸಕ ಬಸ್ಸು ಹತ್ತಿದ. ಸಂಜೆ ನೆರೆಯ ಮೇಸ್ತ್ರಿ ಉಳಿ, ಸುತ್ತಿಗೆಗಳಿಂದ ಬಿರಡೆಯನ್ನು ಬಿಡಿಸಿ, ನಗುತ್ತ, “ತುಂಬುವ ದಾರಿ ತೆರೆಯದೆ ಖಾಲಿ ಮಾಡಬಾರದು, ಸ್ವಾಮಿ” ಎಂದರು. ಇದೇ ಮೊದಲ ನಿಯಮ.

ಎರಡನೆಯದು: ಕಾರನ್ನು ಸ್ವಲ್ಪ ಓಡಿಸಿ ಎಣ್ಣೆಯನ್ನು ಬಿಸಿಮಾಡಬೇಕು. ಗೇರೆಣ್ಣೆಯ ಸ್ನಿಗ್ಧತೆ ೪೦ ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದಕ್ಕಿಂತ ೧೦೦ ಡಿಗ್ರಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಸಿ ಎಣ್ಣೆ ಬೇಗ ಹರಿದು ಪುಡಿಯನ್ನೂ ಜೊತೆಗೆ ಒಯ್ಯುತ್ತದೆ. ಆದರೆ ಕೈ ಸುಡದಂತೆ ಎಚ್ಚರವಿರಲಿ. ಮೂರನೆಯದು: ಕೇವಲ ಜಾಕಿಯನ್ನು ನಂಬಿ ಕಾರಿನ ಕೆಳಗೆ ನುಸುಳಬಾರದು, ಭದ್ರವಾದ ಸ್ಟ್ಯಾಂಡುಗಳು ಬೇಕು. ನಾಲ್ಕನೆಯದು: ಕಾರು ಮಟ್ಟಸವಾಗಿ ನಿಂತಿರುವಾಗ ತುಂಬುವ ರಂಧ್ರದ ಅಂಚಿನವರೆಗೆ ಮಾತ್ರ ಹೊಸ ಎಣ್ಣೆಯನ್ನು ಹಾಕಬೇಕು. ಹೆಚ್ಚಾದರೆ ಹಲ್ಲುಗಳು ಅದನ್ನು ಕಡೆದು ನೊರೆಯೆಬ್ಬಿಸುತ್ತವೆ. ನೊರೆ ಹೊರೆ ಹೊರಲಾರದು. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವವರಿಗೆ ಕೊಡಬೇಕು.

ಅಂದು ಸುರಿದ ಎಣ್ಣೆ ಕಪ್ಪಾಗಿತ್ತು. ತಳದಲ್ಲಿ ಬೆಳ್ಳಿಯ ಹೊಳಪಿನ ಕೆಸರಿತ್ತು. ಅಯಸ್ಕಾಂತವನ್ನು ಹಿಡಿದರೆ ಅದು ಮುಳ್ಳುಮುಳ್ಳಾಗಿ ಅಂಟಿಕೊಂಡಿತು. ನಮ್ಮ ಕಾರಿನ ಹಲ್ಲುಗಳೇ ಪುಡಿಯಾಗಿ ನನ್ನ ಅಂಗೈಯಲ್ಲಿದ್ದವು. ಹೊಸ ಎಣ್ಣೆಯಿಂದ ಸದ್ದು ತುಸು ತಗ್ಗಿತು, ನಿಲ್ಲಲಿಲ್ಲ. ಕಳೆದುಹೋದ ಉಕ್ಕನ್ನು ಯಾವ ಎಣ್ಣೆಯೂ ಮರಳಿ ತಾರದು. ಉಳಿದುದನ್ನು ಮಾತ್ರ ಕಾಯಬಲ್ಲುದು. ಆದುದರಿಂದ ಕಾರು ಹಳತಾದಷ್ಟೂ ಎಣ್ಣೆಯ ಅಗತ್ಯ ಹೆಚ್ಚುವುದೇ ಹೊರತು ಕಡಮೆಯಾಗುವುದಿಲ್ಲ.

ಇಂದಿನ ವಿದ್ಯುತ್ ಕಾರುಗಳಲ್ಲಿ ಎಂಜಿನ್ನೇ ಇಲ್ಲ. ಆದರೂ ಮೋಟಾರಿನ ವೇಗವನ್ನು ತಗ್ಗಿಸುವ ಹಲ್ಲುಚಕ್ರಗಳೂ ಡಿಫರೆನ್ಷಿಯಲ್ಲೂ ಅವುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇವೆ. ಅವುಗಳಿಗೂ ಎಣ್ಣೆ ಬೇಕು. ಗಾಡಿ ಬದಲಾಗಿದೆ, ಗೊಟ್ಟ ಮರೆಯಾಗಿದೆ; ಕೀಲೆಣ್ಣೆಯ ಅಗತ್ಯ ಮಾತ್ರ ತೀರಿಲ್ಲ.