ಪೆಟ್ರೋಲ್ ಮುಳ್ಳು ಏಳದಿದ್ದರೆ

ಕಾರಿನ ಪೆಟ್ರೋಲ್ ಮುಳ್ಳು ನಿಂತುಹೋದರೆ ಮೀಟರ್ ಬೋರ್ಡ್ ಬದಲಾಯಿಸಲು ಕೂಡಲೇ ಒಪ್ಪಿಕೊಳ್ಳಬೇಡಿ. ತೀರ್ಥಹಳ್ಳಿಯಲ್ಲಿ ಗಾಡಿಗಳ ವೈರಿಂಗ್ ಮಾಡಿಕೊಂಡೇ ಬದುಕಿದವನು ನಾನು. ನನ್ನ ಅಂಗಡಿಗೆ ಬಂದ ಗಾಡಿಗಳಲ್ಲಿ ಮುಳ್ಳೇ ಕೆಟ್ಟದ್ದು ಅಪರೂಪ. ದೋಷ ಇರುವುದು ಹೆಚ್ಚಾಗಿ ಟ್ಯಾಂಕಿನ ಕಡೆ, ಇಲ್ಲವೇ ನಡುವಿನ ತಂತಿಯಲ್ಲಿ. ಆದರೆ ಜನ ದುಡ್ಡು ಸುರಿಯುವುದು ಕಣ್ಣಿಗೆ ಕಾಣುವ ಮುಳ್ಳಿನ ಮೇಲೆ.

1983ರ ಕೊನೆಯಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ನಮ್ಮ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇನ್ನೂ ಉಳಿದಿದೆ. ಹಿರಿಯರೊಬ್ಬರು ಅಂಥದ್ದೇ ಗಾಡಿ ತಂದಿದ್ದರು. "ಟ್ಯಾಂಕ್ ಫುಲ್ ಮಾಡಿಸ್ದೆ ಮಾರಾಯ, ಮುಳ್ಳು ಅಲ್ಲಾಡ್ಲೇ ಇಲ್ಲ. ಬೋರ್ಡೇ ಹೋಗಿದೆ ಅಂದ್ರು, ಹಾಕ್ಬಿಡು" ಎಂದರು. "ಸ್ವಲ್ಪ ತಡೀರಿ ಗೌಡ್ರೇ, ಮೊದ್ಲು ಹಿಂದ್ಗಡೆ ನೋಡ್ತೀನಿ" ಎಂದೆ.

ಹಿಂದೆ ಏನಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಫ್ಲೋಟ್ ಇರುತ್ತದೆ. ಪೆಟ್ರೋಲ್ ಏರಿಳಿದಂತೆ ಅದರ ಕೈ ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಇವೆರಡೂ ಸೇರಿದ್ದನ್ನೇ ನಾವು ಟ್ಯಾಂಕ್ ಯೂನಿಟ್ ಎನ್ನುವುದು. ಹಳೆಯ ಮಾರುತಿಗಳಲ್ಲಿ ಟ್ಯಾಂಕ್ ತುಂಬಿದಾಗ ರೆಸಿಸ್ಟೆನ್ಸ್ ಕೆಲವೇ ಓಮ್. ಖಾಲಿಯಾದಾಗ ನೂರರ ಆಸುಪಾಸು. ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟ್ ಹರಿಯುತ್ತದೆ. ಆ ಕರೆಂಟು ಮೀಟರಿನಲ್ಲಿ ಎರಡು ಲೋಹಗಳನ್ನು ಬೆಸೆದ ಸಣ್ಣ ಪಟ್ಟಿಯನ್ನು ಬಿಸಿ ಮಾಡುತ್ತದೆ. ಪಟ್ಟಿ ಬಾಗಿ ಮುಳ್ಳನ್ನು ಎತ್ತುತ್ತದೆ. ಕೀ ತಿರುಗಿಸಿದ ಮೇಲೆ ಮುಳ್ಳು ನಿಧಾನಕ್ಕೆ ಏಳುವುದು ಈ ಕಾರಣಕ್ಕೆ, ಅದು ದೋಷವಲ್ಲ. ಘಾಟಿ ಹತ್ತುವಾಗ ಮುಳ್ಳು ಸ್ವಲ್ಪ ಹೆಚ್ಚುಕಡಿಮೆ ತೋರಿಸುವುದೂ ದೋಷವಲ್ಲ. ಟ್ಯಾಂಕ್ ಓರೆಯಾದಾಗ ಪೆಟ್ರೋಲ್ ಒಂದು ಬದಿಗೆ ಸರಿಯುತ್ತದೆ, ಫ್ಲೋಟೂ ಅದರ ಜತೆಗೇ ಏರಿಳಿಯುತ್ತದೆ.

ಇಷ್ಟು ತಿಳಿದರೆ ಮುಳ್ಳು ಎಲ್ಲಿ ನಿಂತಿದೆ ಎನ್ನುವುದೇ ದಾರಿ ತೋರಿಸುತ್ತದೆ. ಸದಾ ಖಾಲಿ ತೋರಿಸಿದರೆ ಕರೆಂಟ್ ಎಲ್ಲೋ ತುಂಡಾಗಿದೆ, ಅರ್ಥ್ ಹೋಗಿದೆ, ಇಲ್ಲವೇ ಫ್ಲೋಟ್ ತೂತಾಗಿ ಮುಳುಗಿದೆ. ಸದಾ ಫುಲ್ ತೋರಿಸಿದರೆ ಟ್ಯಾಂಕಿನಿಂದ ಬರುವ ತಂತಿ ಸಿಪ್ಪೆ ಸವೆದು ಕಾರಿನ ಬಾಡಿಗೆ ತಾಗಿರಬಹುದು. ಟೆಂಪರೇಚರ್ ಮುಳ್ಳೂ ಜತೆಗೇ ಸತ್ತಿದ್ದರೆ ಟ್ಯಾಂಕಿನ ಗೊಡವೆಗೆ ಹೋಗದೆ ಮೊದಲು ಫ್ಯೂಸ್ ನೋಡಿ.

ಗೌಡರ ಮುಳ್ಳು ಖಾಲಿಯಲ್ಲೇ ಇತ್ತು. ಟ್ಯಾಂಕ್ ಯೂನಿಟ್ಟಿನ ಕಪ್ಲರ್ ಬಿಚ್ಚಿ, ಮೀಟರಿಗೆ ಹೋಗುವ ತಂತಿಯನ್ನು ಒಂದು ಪುಟ್ಟ ಬಲ್ಬಿನ ಮೂಲಕ ಕಾರಿನ ಬಾಡಿಗೆ ಮುಟ್ಟಿಸಿದೆ. ನೇರವಾಗಿ ಮುಟ್ಟಿಸಬಾರದು, ಕರೆಂಟ್ ಮಿತಿಮೀರಿದರೆ ಒಳ್ಳೆಯ ಮೀಟರೂ ಸುಟ್ಟೀತು. ಕೀ ಹಾಕಿದ ಸ್ವಲ್ಪ ಹೊತ್ತಿಗೆ ಮುಳ್ಳು ಮೇಲೇಳತೊಡಗಿತು. ಅಂದರೆ ಮೀಟರ್ ಸರಿ, ತಂತಿಯೂ ಸರಿ. ಉಳಿದದ್ದು ಯೂನಿಟ್ ಮತ್ತು ಅದರ ಅರ್ಥ್. ಅರ್ಥ್ ತಂತಿಯ ತುದಿಗೆ ಹಸಿರು ಕಿಲುಬು ಕಟ್ಟಿತ್ತು. ಕೆರೆದು ಬಿಗಿ ಮಾಡಿದ್ದಷ್ಟೇ ರಿಪೇರಿ. ಮಲೆನಾಡಿನ ಮಳೆಯಲ್ಲಿ ಇದು ಮಾಮೂಲಿ. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಕಾರುಗಳಲ್ಲಿ ಇಲಿ ತಂತಿ ಕಡಿಯುವುದೂ ಅಷ್ಟೇ ಮಾಮೂಲಿ.

ಅರ್ಥ್ ಸರಿಯಿದ್ದೂ ಮುಳ್ಳು ಏಳದಿದ್ದರೆ ಕೀ ತೆಗೆದು, ಕಪ್ಲರ್ ಬಿಚ್ಚಿದ ಯೂನಿಟ್ಟಿನ ಓಮ್ ಅಳೆಯಬೇಕು. ಯೂನಿಟ್ ಹೊರತೆಗೆದು ಫ್ಲೋಟಿನ ಕೈಯನ್ನು ಮೆಲ್ಲಗೆ ಎತ್ತಿದಾಗ ಅಂಕಿ ಒಂದೇ ಸಮನೆ ಬದಲಾಗಬೇಕು; ನಡುವೆ ಹಾರಿದರೆ ಪಟ್ಟಿ ಸವೆದಿದೆ. ಪೆಟ್ರೋಲಿನ ಗಂಧಕವೂ ಈ ಪಟ್ಟಿಯ ಬೆಳ್ಳಿಯ ಕಾಂಟ್ಯಾಕ್ಟುಗಳನ್ನು ತಿನ್ನುತ್ತದೆ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲ್ ಮಾರಾಟವಾಗಿ ಎಷ್ಟೋ ಕಾರುಗಳ ಗೇಜುಗಳು ಕೆಟ್ಟಿದ್ದವು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್ 6 ಪೆಟ್ರೋಲಿನ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿದಿದೆ, ಒಳ್ಳೆಯದಾಯಿತು.

ಟ್ಯಾಂಕ್ ತೆರೆಯುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಅದರ ತುಂಬ ಪೆಟ್ರೋಲಿನ ಆವಿ ಇರುತ್ತದೆ. ಕಿಡಿಯೊಂದು ಸಾಕು. ನಾವು ಕೂಡ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗಾಳಿಯಾಡುವ ಜಾಗದಲ್ಲೇ ತೆರೆಯುತ್ತೇವೆ.

ಹೊಸ ಕಾರುಗಳ ದಾರಿ ಬೇರೆ. ಅವುಗಳಲ್ಲಿ ಟ್ಯಾಂಕಿನ ಸಂದೇಶ ಕಂಪ್ಯೂಟರ್ ಮೂಲಕ ಮೀಟರಿಗೆ ಹೋಗುತ್ತದೆ. ಬಲ್ಬು ಕೊಟ್ಟು ನೋಡುವ ಉಪಾಯ ಅಲ್ಲಿ ಬೇಡ, ಸ್ಕ್ಯಾನರ್ ಹಾಕಿಸಿ. ಇಂಥ ಕಾರುಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಮುಳ್ಳು ಸತ್ತ ಕಾರನ್ನು ಅಂದಾಜಿನಲ್ಲಿ ಓಡಿಸಿ ಮತ್ತೆ ಮತ್ತೆ ಖಾಲಿ ಮಾಡಿಕೊಂಡರೆ ಪಂಪೂ ಹೋದೀತು. ಆ ಖರ್ಚಿನ ಮುಂದೆ ಮುಳ್ಳಿನ ರಿಪೇರಿ ಏನೂ ಅಲ್ಲ.

ರಿಪೇರಿ ಆಗುವ ತನಕ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ನಿಮ್ಮ ಕಾರಿನ ಮೈಲೇಜಿನ ಲೆಕ್ಕದಲ್ಲಿ ಅರ್ಧ ಟ್ಯಾಂಕ್ ಖರ್ಚಾಗುತ್ತಲೇ ಮತ್ತೆ ತುಂಬಿಸಿ. ಗ್ಯಾರೇಜಿಗೆ ಹೋದಾಗ "ಬೋರ್ಡ್ ಬದಲಾಯಿಸಿ" ಎನ್ನಬೇಡಿ, "ಮೊದಲು ಅರ್ಥ್ ನೋಡಿ, ಯೂನಿಟ್ಟಿನ ಓಮ್ ಎಷ್ಟಿದೆ ಹೇಳಿ" ಎಂದು ಕೇಳಿ.