ಕ್ಯಾಂಟರ್ ಓಟಕ್ಕೆ ಹದ ತರುವ ಬಗೆ

ಕ್ಯಾಂಟರ್ ಎಂದರೆ ಕುದುರೆಯ ಮೂರು ತಾಳದ ಓಟ. ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಕುಕ್ಕುಲೋಟದಲ್ಲಿ ಮೂಲೆಯಿಂದ ಮೂಲೆಗಿರುವ ಕಾಲುಗಳು ಜೋಡಿಯಾಗಿ ಬಿದ್ದು ಎರಡೇ ಸದ್ದು ಕೇಳುತ್ತದೆ. ನಾಗಾಲೋಟದಲ್ಲಿ ಮತ್ತೆ ನಾಲ್ಕು. ಇವೆರಡರ ನಡುವೆ ಬರುವುದು ಕ್ಯಾಂಟರ್. ಕುದುರೆ ಬಲಕ್ಕೆ ತಿರುಗುತ್ತಿದೆ ಎನ್ನಿ: ಮೊದಲು ಎಡ ಹಿಂಗಾಲು ನೆಲಕ್ಕೆ ಬೀಳುತ್ತದೆ, ಆಮೇಲೆ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ, ಕೊನೆಗೆ ಬಲ ಮುಂಗಾಲು. ಅದರ ಬೆನ್ನಿಗೇ ನಾಲ್ಕೂ ಕಾಲು ಒಂದು ಕ್ಷಣ ಗಾಳಿಯಲ್ಲಿರುತ್ತವೆ. ಹೀಗೆ ಕೊನೆಯಲ್ಲಿ ಮುಂದಕ್ಕೆ ಚಾಚುವ ಮುಂಗಾಲನ್ನು ಸವಾರರು ಲೀಡ್ ಎನ್ನುತ್ತಾರೆ. ಬಲಕ್ಕೆ ತಿರುಗುವಾಗ ಬಲ ಲೀಡ್, ಎಡಕ್ಕೆ ತಿರುಗುವಾಗ ಎಡ ಲೀಡ್ ಇದ್ದರೆ ಇಬ್ಬರಿಗೂ ಹಿತ.

ಹದ ತಪ್ಪಿದ ಕುದುರೆಯನ್ನು ಕಿವಿಯಿಂದಲೇ ಗುರುತಿಸಬಹುದು. ಮೂರರ ತಾಳ ಒಡೆದು ನಾಲ್ಕಾಗುತ್ತದೆ, ಇಲ್ಲವೇ ನಡುವೆ ಕುಕ್ಕುಲೋಟಕ್ಕೆ ಜಾರುತ್ತದೆ. ಕೆಲವು ಕುದುರೆಗಳ ಮುಂಗಾಲು ಬಲ ಲೀಡಿನಲ್ಲಿದ್ದರೆ ಹಿಂಗಾಲು ಎಡ ಲೀಡಿನಲ್ಲಿರುತ್ತದೆ; ಆಗ ಸವಾರನ ಸೊಂಟಕ್ಕೆ ತಿರುಚಿದ ಅನುಭವವಾಗುತ್ತದೆ. ಇನ್ನು ಕೆಲವು ತಿರುವಿನಲ್ಲಿ ಒಳಭುಜದ ಮೇಲೆ ವಾಲಿಕೊಂಡು, ಬಿದ್ದೇಬಿಡುವೆನೇನೋ ಎಂಬಂತೆ ವೇಗ ಹೆಚ್ಚಿಸುತ್ತವೆ. ಇದನ್ನು ಕುದುರೆಯ ಪೊಗರು ಎಂದು ತಿಳಿಯುವವರೇ ಹೆಚ್ಚು. ನಿಜದಲ್ಲಿ ಅದು ಬೀಳದಂತೆ ತಡೆದುಕೊಳ್ಳುವ ಓಟ.

ಕಾರಣ ಕುದುರೆಯ ಮೈಕಟ್ಟಿನಲ್ಲಿದೆ. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲಿರುತ್ತದೆ. ಅದಕ್ಕೆ ಕೊರಳೆಲುಬು ಇಲ್ಲ. ಎದೆಗೂಡು ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಬಲದಿಂದಲೇ ತೂಗಿಕೊಂಡಿದೆ. ಸವಾರ ಕೂರುವುದೂ ಮುಂಭಾಗಕ್ಕೆ ಹತ್ತಿರದಲ್ಲೇ. ಹೀಗಾಗಿ ಪಳಗದ ಕುದುರೆ ಮೂಕಿ ಭಾರವಾದ ಬಂಡಿಯಂತೆ ಮುಂದಕ್ಕೆ ಕುಸಿಯುತ್ತ ಓಡುತ್ತದೆ. ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದು ಭಾರ ಹೊರುವುದನ್ನು ಅದು ಕಲಿಯಬೇಕು. ಪಳಗಿಸುವ ಕೆಲಸವೆಲ್ಲ ಇರುವುದು ಇಷ್ಟರಲ್ಲೇ.

ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರಿನ ಕಡೆ ಈಗ ಕುದುರೆ ಕಣ್ಣಿಗೆ ಬೀಳುವುದು ಮದುವೆ ಮೆರವಣಿಗೆಯಲ್ಲಿ, ಇಲ್ಲವೇ ಊರೂರು ಅಲೆಯುವ ಕುರಿಗಾರರ ಸಾಮಾನು ಹೊತ್ತ ತಟ್ಟುವಾಗಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕುದುರೆ ಏರಿದ ದೇವರಿಗೇ ಜಾತ್ರೆ ನಡೆಯುತ್ತದೆ. ಹಂಪಿಯ ಹಜಾರರಾಮ ದೇಗುಲದ ಪ್ರಾಕಾರದ ಗೋಡೆಯ ಮೇಲೆ ಆಳುಗಳ ಜೊತೆ ಸಾಲಾಗಿ ಸಾಗುವ ಕುದುರೆಗಳ ಕೆತ್ತನೆಯಿದೆ. ವಿಜಯನಗರದ ಅರಸರು ಕುದುರೆಗಳನ್ನು ಕಡಲಾಚೆಯಿಂದ ಹಡಗಿನಲ್ಲಿ ತರಿಸುತ್ತಿದ್ದರು. ಆದರೆ ಈಗಿನ ಮೆರವಣಿಗೆಯ ಕುದುರೆಗೂ ಹೇರಿನ ತಟ್ಟುವಿಗೂ ನಡಿಗೆ ಚೆನ್ನಾಗಿ ಬರುತ್ತದೆ, ಬೆನ್ನ ಮೇಲೆ ಆಳನ್ನು ಹೊತ್ತು ಕ್ಯಾಂಟರ್ ಓಡುವ ಅಭ್ಯಾಸ ಇರುವುದಿಲ್ಲ. ಬೆಂಗಳೂರಿನ ರೇಸ್ ಕುದುರೆಗಳ ಕಥೆ ಇದಕ್ಕೆ ತಿರುಗುಮುರುಗು. ಎರಡು ವರ್ಷ ತುಂಬಿದ ಮೇಲೆ ಪಂದ್ಯಕ್ಕಿಳಿಯುವ ಥರೋಬ್ರೆಡ್ ಕುದುರೆ ಒಂದೇ ದಿಕ್ಕಿನ ಓಟಕ್ಕೆ, ಬಿಗಿದ ಲಗಾಮಿಗೆ ಒರಗಿ ಓಡುವುದಕ್ಕೆ ಒಗ್ಗಿರುತ್ತದೆ. ಪಂದ್ಯ ಮುಗಿಸಿ ಸವಾರಿ ಶಾಲೆಗೆ ಬಂದಾಗ ಅದಕ್ಕೆ ವೇಗ ಗೊತ್ತು, ನಿಧಾನ ಗೊತ್ತಿಲ್ಲ. ಬೆಂಗಳೂರಿನಲ್ಲೇ ಬೆಳೆದ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದ ಈವೆಂಟಿಂಗ್ ಸ್ಪರ್ಧೆಯಲ್ಲಿ ಡ್ರೆಸಾಜ್ (ಪಳಗಿದ ನಡೆಯ ಪ್ರದರ್ಶನ), ಕ್ರಾಸ್ ಕಂಟ್ರಿ, ಜಿಗಿತ ಎಂಬ ಮೂರು ಹಂತಗಳಿವೆ. ಮೂರಕ್ಕೂ ಬೇಕಾದದ್ದು ಹದವಾದ ಕ್ಯಾಂಟರ್.

ಪಳಗಿಸುವ ಮುನ್ನ ನೋವಿದೆಯೇ ಎಂದು ನೋಡಬೇಕು. ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ತಾಗುತ್ತಿರಬಹುದು, ಜೀನು ಬೆನ್ನನ್ನು ಒತ್ತುತ್ತಿರಬಹುದು, ಲಾಳ ಸರಿಯಾಗಿ ಕೂತಿರಲಿಕ್ಕಿಲ್ಲ, ಹಿಂಗಾಲಿನ ಕೀಲು ನೋಯುತ್ತಿರಬಹುದು. ಒಂದು ಲೀಡನ್ನು ಕುದುರೆ ಹಟ ಹಿಡಿದು ತಪ್ಪಿಸುತ್ತಿದ್ದರೆ ಪಶುವೈದ್ಯರಿಗೆ ತೋರಿಸದೆ ಮುಂದಿನ ಹೆಜ್ಜೆ ಇಡಬಾರದು. ನೋವಿರುವ ಕಾಲಿಗೆ ಪಾಠ ಹೇಳಿ ಉಪಯೋಗವಿಲ್ಲ.

ಮೊದಲ ಪಾಠ ಸವಾರನಿಲ್ಲದೆ ನಡೆಯುತ್ತದೆ. ಉದ್ದ ಹಗ್ಗ ಹಿಡಿದು 18–20 ಮೀಟರ್ ಅಗಲದ ಸುತ್ತಿನಲ್ಲಿ ಕುದುರೆಯನ್ನು ಓಡಿಸಬೇಕು. ಸುತ್ತು ಕಿರಿದಾದಷ್ಟೂ ಕೀಲುಗಳ ಮೇಲೆ ಒತ್ತಡ ಹೆಚ್ಚು. ಹದಿನೈದು ನಿಮಿಷ ಸಾಕು, ಎರಡೂ ದಿಕ್ಕಿಗೆ ಹಂಚಿಕೊಂಡು. ಕೆಲಸದ ಬಹುಪಾಲು ಕುಕ್ಕುಲೋಟದಲ್ಲೇ ಆಗಲಿ. ನಡಿಗೆಯಿಂದ ಕುಕ್ಕುಲೋಟಕ್ಕೆ, ಅಲ್ಲಿಂದ ಮತ್ತೆ ನಡಿಗೆಗೆ ಎಂದು ಮೇಲಿಂದ ಮೇಲೆ ಬದಲಿಸುತ್ತಿದ್ದರೆ ಹಿಂಗಾಲು ತಾನಾಗಿಯೇ ಒಳಕ್ಕೆ ಬರುತ್ತದೆ. ಕ್ಯಾಂಟರ್ ಸರಿಮಾಡಲು ಕ್ಯಾಂಟರನ್ನೇ ಮತ್ತೆ ಮತ್ತೆ ಓಡಿಸುವವರು ತಪ್ಪು ತಾಳವನ್ನೇ ಗಟ್ಟಿ ಮಾಡುತ್ತಾರೆ.

ಸವಾರ ಹತ್ತಿದ ಮೇಲೂ ಕ್ರಮ ಅದೇ. ಕುಕ್ಕುಲೋಟ ಸಮನಾಗಿ, ಆತುರವಿಲ್ಲದೆ ಸಾಗುತ್ತಿರುವಾಗ, ಸುತ್ತಿನ ತಿರುವಿನಲ್ಲಿ ಕ್ಯಾಂಟರ್ ಕೇಳಬೇಕು. ತಿರುವೇ ಕುದುರೆಯನ್ನು ಸರಿಯಾದ ಲೀಡಿಗೆ ತಿರುಗಿಸುತ್ತದೆ. ಸವಾರನ ಒಳಗಾಲು ಜೀನಿನ ಹೊಟ್ಟೆಪಟ್ಟಿಯ ಬಳಿ, ಹೊರಗಾಲು ಅದಕ್ಕಿಂತ ಗೇಣಿಗೂ ಕಡಿಮೆ ಹಿಂದೆ ಇರಬೇಕು. ಸೂಚನೆ ಕೊಡುವ ಗಳಿಗೆ ಮುಖ್ಯ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಜೆನೊಫನ್ ಕೂಡ, ಎಡ ಲೀಡ್ ಬೇಕಾದರೆ ಕುಕ್ಕುಲೋಟದಲ್ಲಿ ಬಲಗಾಲು ನೆಲಕ್ಕೂರುವ ಹೊತ್ತಿಗೆ ಸೂಚಿಸಬೇಕು ಎಂದು ಬರೆದಿಟ್ಟಿದ್ದಾನೆ. ಕುದುರೆ ಕ್ಯಾಂಟರ್ ಎತ್ತಿಕೊಂಡ ಮೇಲೆ ಐದಾರು ಹೆಜ್ಜೆ ಸಾಕು. ತಾಳ ಕೆಡುವ ಮುನ್ನವೇ ಸವಾರ ತಾನಾಗಿ ಕುಕ್ಕುಲೋಟಕ್ಕೆ ಇಳಿಸಬೇಕು. ಕೆಟ್ಟ ಮೇಲೆ ಇಳಿಸಿದರೆ ಕುದುರೆ ಕಲಿಯುವುದು ಕೆಡುವುದನ್ನೇ. ಐದು ಹೆಜ್ಜೆ ಸಲೀಸಾದ ಮೇಲೆ ಎಂಟು, ಆಮೇಲೆ ಅರ್ಧ ಸುತ್ತು, ಆಮೇಲೆ ನೇರ ದಾರಿ.

ಇಲ್ಲಿ ಸವಾರನ ಕೈಯೇ ಹೆಚ್ಚು ಕೆಡಿಸುತ್ತದೆ. ಕ್ಯಾಂಟರ್‌ನಲ್ಲಿ ಕುದುರೆ ಪ್ರತಿ ಹೆಜ್ಜೆಗೂ ಕತ್ತು ತೂಗುತ್ತದೆ. ಸಮತೋಲ ಕಾಯ್ದುಕೊಳ್ಳಲು ಅದಕ್ಕಿರುವ ಸಾಧನ ಅದು. ವೇಗ ಹೆಚ್ಚಿತೆಂದು ಹೆದರಿ ಲಗಾಮು ಜಗ್ಗಿ ಹಿಡಿದರೆ ಆ ಸಾಧನವನ್ನೇ ಕಸಿದಂತೆ. ಕುದುರೆ ಕಡಿವಾಣಕ್ಕೆ ಒರಗಿ ಇನ್ನೂ ಜೋರಾಗಿ ಓಡುತ್ತದೆ. ರೇಸ್ ಕುದುರೆಯಾದರೆ ಅದಕ್ಕೆ ಓಡು ಎಂಬ ಅಪ್ಪಣೆಯೇ ಸಿಕ್ಕಂತಾಗುತ್ತದೆ. ಹೊರಗಿನ ಲಗಾಮನ್ನು ಒಂದು ಹೆಜ್ಜೆಯಷ್ಟು ಹೊತ್ತು ಮುಷ್ಟಿ ಬಿಗಿದು ಹಿಡಿದು, ಮರುಹೆಜ್ಜೆಗೆ ಸಡಿಲಿಸಬೇಕು. ಎಳೆಯ ಕುದುರೆಯ ಬೆನ್ನ ಮೇಲೆ ಕುಕ್ಕುತ್ತ ಕೂರುವುದಕ್ಕಿಂತ, ರಿಕಾಪಿನ ಮೇಲೆ ಭಾರ ಬಿಟ್ಟು ತುಸು ಎದ್ದಿರುವುದು ಲೇಸು. ಉಸಿರಿನ ಕಡೆಗೂ ಕಿವಿ ಇರಲಿ: ಕ್ಯಾಂಟರ್‌ನಲ್ಲಿ ಒಂದು ಹೆಜ್ಜೆಗೆ ಒಂದು ಉಸಿರು. ಹೊಳ್ಳೆಗಳಿಂದ ಬುಸ್ ಬುಸ್ ಎಂಬ ಸದ್ದು ಸಮನಾಗಿ ಬರತೊಡಗಿದರೆ ಮೈ ಸಡಿಲಾಗುತ್ತಿದೆ ಎಂದು ತಿಳಿಯಬಹುದು.

ನೆಲದ ಮೇಲೆ ಮಲಗಿಸಿದ ಗಳಗಳು ಒಳ್ಳೆಯ ನೆರವು. ಕುಕ್ಕುಲೋಟಕ್ಕೆ ಗಳದಿಂದ ಗಳಕ್ಕೆ ಸುಮಾರು 1.3 ಮೀಟರ್, ಕ್ಯಾಂಟರ್‌ಗೆ ಸುಮಾರು 3 ಮೀಟರ್; ತಟ್ಟುವಿಗೆ ಇನ್ನೂ ಕಡಿಮೆ. ಸಣ್ಣ ಏರು ಇನ್ನೂ ಉತ್ತಮ, ಏರಿನಲ್ಲಿ ಹಿಂಗಾಲು ದುಡಿಯದೆ ಗತ್ಯಂತರವಿಲ್ಲ. ಕೂಡ್ಲಿಗಿ ಸೀಮೆಯಲ್ಲಿ ಕಲ್ಲು ಆಯ್ದ ಮಸಾರಿ ಹೊಲ ಇದಕ್ಕೆ ಒದಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ನೆಲ ಕಾಲು ಮುರಿಯುವ ಜಾಗ. ಹಳ್ಳದ ಆಳವಾದ ಮರಳು ಸ್ನಾಯುರಜ್ಜುಗಳನ್ನು ಜಗ್ಗುತ್ತದೆ. ಬಿಸಿಲು ಏರುವ ಮುನ್ನ ಕೆಲಸ ಮುಗಿಯಬೇಕು.

ಸ್ನಾಯು ಬಲಿಯಲು ತಿಂಗಳುಗಳೇ ಬೇಕು. ವಾರದಲ್ಲಿ ಒಂದೆರಡು ದಿನ ಬಿಡುವು ಇರಲೇಬೇಕು. ಹದ ಬಂದಿದೆಯೇ ಎಂದು ತಿಳಿಯಲು ಡ್ರೆಸಾಜ್ ಅಂಗಳದಲ್ಲೂ ಬಳಸುವ ಒಂದು ಪರೀಕ್ಷೆ ಇದೆ. ಕ್ಯಾಂಟರ್ ಓಡುತ್ತಿರುವಾಗ ಸವಾರ ಒಳಗೈಯನ್ನು ಕತ್ತಿನ ಉದ್ದಕ್ಕೆ ಮುಂದೆ ಚಾಚಿ, ಎರಡು ಮೂರು ಹೆಜ್ಜೆ ಲಗಾಮನ್ನು ಪೂರ್ತಿ ಸಡಿಲ ಬಿಡುತ್ತಾನೆ. ತಾಳ, ವೇಗ, ಸುತ್ತಿನ ಗೆರೆ ಮೂರೂ ಹಾಗೆಯೇ ಉಳಿದರೆ ಕುದುರೆ ತನ್ನ ಕಾಲ ಮೇಲೆ ತಾನು ಓಡುತ್ತಿದೆ. ಒಂದು ಕೆಟ್ಟರೂ ಮತ್ತೆ ಕುಕ್ಕುಲೋಟದ ಪಾಠಕ್ಕೆ ಹಿಂತಿರುಗಬೇಕು.