ಪ್ಯಾಟಿ ಹುಡುಗಿ, ಖಣದ ಕುಪ್ಪಸ, ಬಿಸಿ ರೊಟ್ಟಿ

ನಮ್ಮ ಹಿಡಕಲ್ ಡ್ಯಾಮಿಗೆ ಮಳೆಗಾಲದಲ್ಲಿ ಎರಡು ಮಹಾಪೂರ ಬರುತ್ತವೆ. ಒಂದು ಘಟಪ್ರಭಾ ಹೊಳೆಯ ನೀರಿನದು, ಇನ್ನೊಂದು ಪ್ಯಾಟಿ ಮಂದಿಯದು. 1977ರಲ್ಲಿ ಕಟ್ಟಿ ಮುಗಿದ ಈ ಆಣೆಕಟ್ಟಿಗೆ 10 ಬಾಗಿಲುಗಳಿವೆ. ಬಾಗಿಲು ತೆಗೆದು ನೀರು ಬಿಟ್ಟರಂತೆ ಎಂಬ ಸುದ್ದಿ ಹೊರಟರೆ ಸಾಕು, ರವಿವಾರ ಬೆಳಗಾವಿ, ಗೋಕಾಕ, ಸಂಕೇಶ್ವರದ ಕಡೆಯಿಂದ ಗಾಡಿಗಳು ಸಾಲುಗಟ್ಟುತ್ತವೆ. ಗಂಡಸರು ನೀರು ನೋಡುತ್ತಾರೆ. ನಾವು ಹೆಂಗಸರು ಸುಟ್ಟ ಗೋವಿನಜೋಳದ ತೆನಿ ತಿನ್ನುತ್ತ, ಬಂದವರು ಏನು ಉಟ್ಟಿದ್ದಾರೆ ಎಂಬುದನ್ನು ನೋಡುತ್ತೇವೆ. ಸುಳ್ಳು ಯಾಕೆ ಹೇಳಲಿ, ನೀರಿಗಿಂತ ಅದರಲ್ಲೇ ಮಜಾ ಹೆಚ್ಚು.

ಹೋದ ವರ್ಷ ನೋಡಲು ದಂಡೆಗೆ ಹೋಗಬೇಕಾಗಲಿಲ್ಲ. ಫ್ಯಾಷನ್ನು ತಾನೇ ನಮ್ಮ ಮನೆ ಪಡಸಾಲೆಗೆ ಬಂದು ಕುಂತಿತು. ನಮ್ಮ ಭಾವನವರ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಎಂಟು ದಿನ ರಜಾ ಹಾಕಿ ಬಂದಿದ್ದಳು. ಇಪ್ಪತ್ನಾಲ್ಕು ವರ್ಷ, ಬಾಯಿ ಮಾತ್ರ ನಲವತ್ತರದು. ‘ಕಾಕೂ, ನಮ್ಮ ಊರಾಗ ಮಂದಿಗೆ ಎರಡಽ ಚಿಂತಿ. ಇವತ್ತ ಏನ್ ಹಾಕ್ಕೊಳ್ಳೂದು, ಎಲ್ಲಿ ತಿನ್ನೂದು. ಬಾಕಿದ್ದೆಲ್ಲಾ ಕಂಪನಿ ನೋಡ್ಕೋತೈತಿ’ ಎಂದು ಬಂದ ದಿನವೇ ಸಾರಿಬಿಟ್ಟಳು.

ಮಾರನೆಯ ದಿನ ಅವಳು ಜೀನ್ಸ್ ಪ್ಯಾಂಟಿನ ಮೇಲೆ ಒಂದು ಮೋಟು ಜಂಪರು ಹಾಕಿಕೊಂಡು ಹೊರಬಂದಳು. ಹೊಟ್ಟೆ ನಾಲ್ಕು ಬೆರಳು ಕಾಣುತ್ತಿತ್ತು. ನಮ್ಮವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅತ್ತೆಯವರ ಮುಖ ನೋಡಿದೆ. ಈಗ ಮಂಗಳಾರತಿ ಆಗುತ್ತದೆ ಅಂದುಕೊಂಡರೆ, ಎಪ್ಪತ್ತೆಂಟರ ಅವರು ಕನ್ನಡಕ ಏರಿಸಿ, ಹುಡುಗಿಯನ್ನು ಹತ್ತಿರ ಕರೆದು ಬಟ್ಟೆ ಮುಟ್ಟಿ ನೋಡಿದರು.

‘ಇದು ಗುಳೇದಗುಡ್ಡದ ಖಣ ಅಲ್ಲೇನಬೇ?’

‘ಹೂಂ ಆಯಿ. ಕ್ರಾಪ್ ಟಾಪ್ ಅಂತಾರ. ಸಾವಿರದ ಎಂಟುನೂರು ರೂಪಾಯಿ.’

‘ಏನ ಟಾಪೋ ಏನೋ. ಮುಂದ ಗಂಟು ಹಾಕೂ ಕುಪ್ಪಸ ನಂದೂ ಇಟ್ಟಽ ಇರ್ತಿತ್ತು. ನಿನಗಿಂತ ಎರಡ ಬೆರಳ ಗಿಡ್ಡ!’

ಮನೆಯಲ್ಲಿ ನಗೆಯೋ ನಗೆ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು, ಮುಂದೆ ಗಂಟು ಬಿಗಿದು ಹೊಲದಲ್ಲಿ ಕಳೆ ತೆಗೆದವರು. ಹೊಟ್ಟೆ ಬೆನ್ನು ಗಾಳಿಗೇ ಇರುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಉದ್ದ ತೋಳಿನ, ಗುಂಡಿ ಹಚ್ಚಿದ ಪೋಲಕಾ ಆಮೇಲೆ ಬಂತು. ಅದರ ಜತೆಗೇ ‘ಮರ್ಯಾದಿ’ ಎಂಬ ಶಬ್ದವೂ ಬಂದಿರಬೇಕು.

ಅವತ್ತಿನಿಂದ ಅಜ್ಜಿ ಮೊಮ್ಮಗಳು ಸೇರಿ ಟ್ರಂಕು ಬಿಚ್ಚಿದರು ನೋಡಿ, ಎರಡು ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಒಳಗಿನಿಂದ ಒಂದೊಂದು ಹೊರಬಂದಂತೆ ಹುಡುಗಿ ಅದಕ್ಕೊಂದು ಪ್ಯಾಟಿ ಹೆಸರು ಇಡುತ್ತಿದ್ದಳು. ಅತ್ತೆಯವರು ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದ ಬಣ್ಣದ ಚಂಚಿ ‘ಸ್ಲಿಂಗ್ ಬ್ಯಾಗ್’ ಆಯಿತು. ಹಳೇ ಸೀರೆ ತುಂಡು ಜೋಡಿಸಿ ಹೊಲಿದ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ‘ಕಾಕೂ, ಇದನ್ನ ಜಾಕೆಟ್ ಮಾಡಿ ಮಾರ್ತಾರ ಅಲ್ಲೆ’ ಎಂದಳು. ‘ಕೌದಿ ಹೊತ್ಕೊಂಡು ಅಡ್ಯಾಡೋರಿಗೆ ನಮ್ಮೂರಾಗ ಚಳಿಜ್ವರ ಅಂತಿದ್ರು’ ಎಂದು ಅತ್ತೆಯವರು.

ಹುಡುಗಿಯ ಸಿದ್ಧಾಂತ ಇಷ್ಟೆ: ಪ್ಯಾಟಿಯಲ್ಲಿ ಹೊಸದು ಎಂದರೆ ಹಳ್ಳಿ ಟ್ರಂಕಿನಲ್ಲಿದ್ದ ಹಳೆಯದು, ಅದಕ್ಕೊಂದು ಇಂಗ್ಲಿಷ್ ಚೀಟಿ, ಚೀಟಿಗೊಂದು ಬೆಲೆ. ನಗೆಯಾಡುತ್ತ ಹೇಳಿದರೂ ಮಾತು ಖರೆ. ನಾನು ಹೈಸ್ಕೂಲಿಗೆ ಹೋಗುವಾಗ ಪರಕಾರ ಪೋಲಕಾ ಬಿಟ್ಟು ಚೂಡಿದಾರ ಹಾಕಲು ನಮ್ಮ ಅವ್ವನ ಹತ್ತಿರ ವರ್ಷಗಟ್ಟಲೆ ಅತ್ತಿದ್ದೆ. ಆಗ ಖಣ ಎಂದರೆ ಮುದುಕಿಯರ ಬಟ್ಟೆ, ಉಡಿ ತುಂಬುವಾಗ ಕೊಡುವ ತುಂಡು, ಅಷ್ಟೆ. ತೇರು, ಆನೆಹೆಜ್ಜೆ, ತುಳಸಿ ಎಲೆ ಎಂದು ಎಷ್ಟು ಚೆಂದದ ನೇಯ್ಗೆಯ ಚಿತ್ರಗಳು ಅದರಲ್ಲಿ! ಎಷ್ಟೋ ಮನೆಗಳಲ್ಲಿ ಅವು ಒಲೆ ಒರೆಸುವ ಅರಿವೆಯಾಗಿ ಹೋದವು. ಈಗ ಬೆಂಗಳೂರು, ಪುಣೆಯ ಹುಡುಗಿಯರು ಕೇಳುತ್ತಾರೆಂದು ಮತ್ತೆ ಅಂಗಡಿಯಲ್ಲಿ ಮುಂದಿನ ಸಾಲಿಗೆ ಬಂದಿದೆ. ಫ್ಯಾಷನ್ನಿಗೆ ನಾನು ಒಂದು ನಮಸ್ಕಾರ ಹಾಕುವುದಿದ್ದರೆ ಇದಕ್ಕೆ.

ಇಲ್ಲಿ ಓದುಗ ಅಕ್ಕತಂಗಿಯರಿಗೆ ಒಂದು ಮಾತು. ಖಣ, ಇಳಕಲ್ ಎಂದು ಹೇಳಿ ಬರೇ ಅಚ್ಚು ಹಾಕಿದ ಬಟ್ಟೆಯನ್ನೂ ಮಾರುತ್ತಾರೆ. ಖಣವನ್ನು ತಿರುವಿ ಹಿಂದಿನ ಮೈ ನೋಡಿ, ನೇಯ್ದ ಚಿತ್ರವಾದರೆ ಅಲ್ಲಿಯೂ ಎಳೆ ಕಾಣಬೇಕು. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗು ಶುರುವಾಗುವಲ್ಲಿ ಬೆರಳಾಡಿಸಿದರೆ ಆ ಜೋಡಣೆ ತಿಳಿಯುತ್ತದೆ. ಮೊದಲ ಸಲ ಒಗೆಯುವಾಗ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಿರಿ, ಕೆಂಪು ಸೆರಗು ಬಣ್ಣ ಬಿಟ್ಟು ಉಳಿದ ಬಟ್ಟೆಯನ್ನೆಲ್ಲ ಹೋಳಿ ಆಡಿಸೀತು.

ಬಟ್ಟೆ ಪುರಾಣ ಇಲ್ಲಿಗೆ ಸಾಕು. ಊಟದ್ದು ಇದಕ್ಕಿಂತ ದೊಡ್ಡದು.

ನಮ್ಮ ಹುಡುಗಿಯ ಪ್ರಕಾರ ಬೆಂಗಳೂರಿನಲ್ಲಿ ಹೊರಗೆ ಊಟಕ್ಕೆ ಹೋಗುವುದು ಹಸಿವಿಗಲ್ಲ. ಮೊದಲು ಕ್ಯೂ ನಿಲ್ಲಬೇಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಇವತ್ತಿಗೂ ಮಸಾಲೆ ದೋಸೆಗೆ ಮಂದಿ ಹೊರಗೆ ಕಾಯುತ್ತಾರಂತೆ. ಆಮೇಲೆ ಫೋಟೋ. ಫೋಟೋ ಚೆಂದ ಬರುವ ತನಕ ಯಾರೂ ತುತ್ತು ಮುಟ್ಟಬಾರದು. ‘ಆರಿದ್ದಽ ತಿಂತೀರೇನು ಎಲ್ಲಾರೂ?’ ಎಂದೆ. ‘ಬಿಸಿ ಇದ್ದದ್ದು ಫೋಟೋದಾಗ ಕಾಣೂದಿಲ್ಲಲ್ಲ ಕಾಕೂ’ ಎಂದಳು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ್ದರಿಂದ ನಮ್ಮ ಜೋಳಕ್ಕೂ ಮಾನ ಬಂತು. ಅವಳು ಹೋದ ಒಂದು ಹೋಟೆಲಿನಲ್ಲಿ ಎರಡು ರೊಟ್ಟಿ, ಒಂದಿಷ್ಟು ಎಣ್ಣಗಾಯಿ, ಬಟ್ಟಲ ತುದಿಗೆ ಮೆತ್ತಿದಷ್ಟು ಶೇಂಗಾ ಚಟ್ನಿಗೆ ನಾಲ್ಕು ನೂರು ರೂಪಾಯಿ ತೆತ್ತಳಂತೆ. ಅತ್ತೆಯವರು ಬಾಯಿಗೆ ಸೆರಗು ಹಿಡಿದರು. ‘ಹಂಗಾದರ ನಿಮ್ಮ ಕಾಕು ದಿನಾ ನಾಲ್ಕ ಸಾವಿರ ರೂಪಾಯಿದು ರೊಟ್ಟಿ ಬಡೀತಾಳ!’

ನಾವು ಸಣ್ಣವರಿದ್ದಾಗ ಹೋಟೆಲು ಎಂದರೆ ಗಂಡಸರ ಜಾಗ. ಅಪ್ಪ ಸಂತೆಗೆ ಹೋದರೆ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಭಜಿ, ಮಂಡಕ್ಕಿ, ಅದೇ ನಮ್ಮ ಹೋಟೆಲು. ಖಾನಾವಳಿಗಳು ಇದ್ದದ್ದು ಊರು ಬಿಟ್ಟು ಬಂದ ವಿದ್ಯಾರ್ಥಿಗಳಿಗೆ, ಕಾರಕೂನರಿಗೆ, ಕೋರ್ಟು ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರಿಗೆ. ಹೆಂಗಸು ಜತೆಗಿದ್ದರೆ ‘ಫ್ಯಾಮಿಲಿ ರೂಮು’. ಕಟ್ಟಿಗೆಯ ಗೂಡು, ಎಣ್ಣೆ ಹತ್ತಿದ ಪರದೆ, ಒಳಗೆ ಸೆಕೆ. ನನ್ನ ಮದುವೆಯಾದ ಹೊಸದರಲ್ಲಿ ನಮ್ಮವರು ಬೆಳಗಾವಿಯಲ್ಲಿ ಅಂಥದೊಂದು ಗೂಡಿನಲ್ಲಿ ಕೂರಿಸಿ ದೋಸೆ ತಿನ್ನಿಸಿದ್ದರು. ಪರದೆ ಸರಿಸಿ ಬಂದ ಮಾಣಿ ಏನು ಬೇಕೆಂದು ಅವರನ್ನೇ ಕೇಳಿದ, ಅವರು ನನ್ನನ್ನು ಕೇಳಿದರು, ನಾನು ಹೇಳಿದ್ದನ್ನು ಅವರು ಮಾಣಿಗೆ ಹೇಳಿದರು. ದುಭಾಷಿ ಬೇಕಾಗಿತ್ತು ನೋಡಿ, ಒಂದು ದೋಸೆಗೆ!

ಇದನ್ನು ಹೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: ‘ಖರೇ ಹೇಳು ಕಾಕೂ, ನೀ ಹಂಚಿನ ಮ್ಯಾಲಿಂದ ಬಿಸಿ ರೊಟ್ಟಿ ಯಾವಾಗ ತಿಂದಿ?’

ನಾನು ಲೆಕ್ಕ ಹಾಕುತ್ತ ನಿಂತೆ. ರೊಟ್ಟಿ ಎಂಬುದು ಹಂಗೇ ಅಲ್ಲವೆ? ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ಒಂದೊಂದೇ ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಿ ಹಾಕಿ ಉಬ್ಬಿಸಬೇಕು. ಉಬ್ಬಿದ್ದು ನೇರ ಉಣ್ಣುವವರ ತಾಟಿಗೆ. ಬಡಿಯುವವಳು ಎದ್ದರೆ ಹಂಚು ಸುಡುತ್ತದೆ. ಎಲ್ಲರದೂ ಮುಗಿದು ಅವಳು ಕುಂತಾಗ ಬುಟ್ಟಿಯಲ್ಲಿ ಉಳಿದದ್ದು ಮೆತ್ತಗಾಗಿಯೋ ಬಿರುಸಾಗಿಯೋ ಇರುತ್ತದೆ. ನಾನು ತವರಿಗೆ ಹೋದಾಗ ಅವ್ವ ಹಾಕಿದ್ದೇ ಬಿಸಿ ರೊಟ್ಟಿ. ಅವ್ವ ಹೋಗಿ ಒಂಬತ್ತು ವರ್ಷ ಆಯಿತು. ಅತ್ತೆಯವರನ್ನು ಕೇಳಿದರೆ, ‘ಬಾಣಂತನದಾಗ ತಿಂದಿದ್ನೇನೋ’ ಎಂದರು.

‘ಶನಿವಾರ ಗೋಕಾಕಿಗೆ. ಮೂರೂ ಮಂದಿ. ಬರೇ ಹೆಂಗಸರು’ ಎಂದು ಹುಡುಗಿ ಹುಕುಂ ಹೊರಡಿಸಿದಳು. ‘ಮನಿ ಊಟದಂಗ ಎಲ್ಲಿ ಆಗ್ತೈತಿ’ ಎಂದರು ನಮ್ಮವರು. ಮನೆ ಊಟ ಉಣ್ಣುವವರಿಗೆ ಅದು ಖರೆ. ಮಾಡುವವರನ್ನೂ ಒಮ್ಮೆ ಕೇಳಬೇಕಲ್ಲ.

ಬಸ್ಸಿಗೆ ನಮಗೆ ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೇಟು ಪುಕ್ಕಟೆ. ಅದರ ಮೇಲೆ ಏನೆಲ್ಲ ಜೋಕು ಕೇಳಿದ್ದೇವೆ! ‘ಅಡಗಿ ಬಿಟ್ಟು ಊರೂರು ತಿರಗಾಕತ್ತಾರ’ ಎಂದು. ತಿರುಗಲಿ ಬಿಡಿ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಹೆಂಗಸರು ತಾವೇ ಕುಂತು ಗಿರ್ಮಿಟ್ ಮಿರ್ಚಿ ತಿನ್ನುವುದು ಕಾಣುತ್ತದೆ. ನಡುವೆ ಪರದೆ ಇಲ್ಲ, ದುಭಾಷಿ ಇಲ್ಲ.

ಅತ್ತೆಯವರು ಇಳಕಲ್ ಸೀರೆ ಉಟ್ಟರು. ಹುಡುಗಿ ಚಂಚಿ ಹೆಗಲಿಗೆ ಹಾಕಿದಳು. ಗೋಕಾಕಿನಲ್ಲಿ ಒಂದು ಸಣ್ಣ ಖಾನಾವಳಿ. ಸ್ಟೀಲಿನ ತಾಟಿನಲ್ಲಿ ಎಣ್ಣಗಾಯಿ, ಮಡಿಕೆಕಾಳ ಪಲ್ಯ, ಝುಣಕ, ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು. ರೊಟ್ಟಿ ಹಂಚಿನಿಂದ ಇಳಿದದ್ದೇ ನಮ್ಮ ತಾಟಿಗೆ, ಉಬ್ಬು ಇನ್ನೂ ಇಳಿದಿರಲಿಲ್ಲ. ಅತ್ತೆಯವರು ಅದನ್ನು ಬೆರಳಿನಿಂದ ಒತ್ತಿ ಹಬೆ ಬಿಟ್ಟರು. ಮುರಿದು, ಬೆಣ್ಣೆ ಹಚ್ಚಿ, ಮಾತಿಲ್ಲದೆ ಉಂಡರು. ಮನೆಯಲ್ಲಿ ಒಂದು ರೊಟ್ಟಿಗೇ ಕೈ ತೊಳೆಯುವವರು ಎರಡೂವರೆ ಉಂಡರು. ಹುಡುಗಿ ಫೋಟೋ ತೆಗೆಯಲು ಮೊಬೈಲು ಎತ್ತಿದಳು. ‘ಆರ್ತೈತಿ, ಉಣ್ಣು’ ಎಂದು ಗದರಿಸಿದರು.

ಉಂಡು ಕೈ ತೊಳೆಯಲು ಒಳಗೆ ಹೋದ ಅತ್ತೆಯವರು ಹೊರಗೆ ಬರಲೇ ಇಲ್ಲ. ನೋಡಿದರೆ ಒಲೆಯ ಹತ್ತಿರ ರೊಟ್ಟಿ ಬಡಿಯುವ ಹೆಣ್ಣುಮಗಳ ಎದುರು ಕುಕ್ಕರುಗಾಲಲ್ಲಿ ಕುಂತಿದ್ದಾರೆ.

‘ಎಷ್ಟ ಬಡೀತಿ ದಿನಕ್ಕ?’

‘ಎಣಸಿಲ್ಲರಿ ಆಯಿ. ಇವತ್ತ ಸಂತಿ ಮಂದಿ ಭಾಳ.’

‘ನೀ ಉಂಡಿಯೇನವ್ವಾ?’

‘ಎಲ್ಲಾರದೂ ಆದಮ್ಯಾಲ ಉಣ್ಣೂದರಿ.’

ಅತ್ತೆಯವರು ಸೀರೆ ಸರಿಮಾಡಿಕೊಂಡು, ‘ಏಳು, ಎರಡ ನಾ ಬಡೀತೀನಿ’ ಎಂದರು. ಅವಳು ನಕ್ಕು ಒಲ್ಲೆ ಅಂದಳು, ಗಲ್ಲೆಯ ಮೇಲಿದ್ದ ಮಾಲಕರು ಗಾಬರಿಯಾದರು, ಗಿರಾಕಿಗಳು ಕತ್ತು ಉದ್ದ ಮಾಡಿ ನೋಡಿದರು. ಎರಡು ಬಡಿದೇ ಬಿಟ್ಟರು. ಅವಳ ಕೈಗೆ ತಾಟು ಕೊಟ್ಟು, ಮೊದಲ ತುತ್ತು ಬಾಯಿಗೆ ಹೋಗುವ ತನಕ ಕಾದು ಎದ್ದರು. ಅಷ್ಟು ಮಾತಾಡುವ ನಮ್ಮ ಹುಡುಗಿ ಅಲ್ಲಿ ಒಂದು ಮಾತೂ ಆಡಲಿಲ್ಲ. ಮೊಬೈಲು ಚಂಚಿಯಲ್ಲೇ ಇತ್ತು.

ಕೈಗೆ ನಾಲ್ಕು ದುಡ್ಡು ಬಂದರೆ ನಮ್ಮ ಕಡೆಯ ಹೆಂಗಸರ ಬುದ್ಧಿ ಉಣಿಸುವ ಕಡೆಗೇ ಓಡುತ್ತದೆ. 2024ರಲ್ಲಿ ನಮ್ಮ ಜಿಲ್ಲೆಯ ರಾಯಬಾಗ ತಾಲೂಕಿನ ಅಜ್ಜಿಯೊಬ್ಬರು ಗೃಹಲಕ್ಷ್ಮಿಯ ದುಡ್ಡು ಕೂಡಿಸಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ದೊಡ್ಡ ಮನಸ್ಸು, ಎರಡು ಮಾತಿಲ್ಲ. ಆದರೆ ಓದಿದಾಗ ನನಗೆ ಬಂದ ವಿಚಾರ, ಆ ಅಜ್ಜಿಗೆ ಬಿಸಿ ಹೋಳಿಗೆ ಯಾರಾದರೂ ಬಡಿಸಿದರೋ ಇಲ್ಲವೋ ಎಂದು.

ಬರುವಾಗ ಕರದಂಟು ಕೊಳ್ಳದೆ ಗೋಕಾಕ ಬಿಡುವುದುಂಟೆ? ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿ. ಬೆಂಗಳೂರಿನ ಅವಳ ಗೆಳತಿಯರು ಇದನ್ನು ‘ಎನರ್ಜಿ ಬಾರ್’ ಎಂದು ವ್ಯಾಯಾಮಕ್ಕೆ ಹೋಗುವಾಗ ತಿನ್ನುತ್ತಾರಂತೆ. ಅಂಟಿನ ಉಂಡಿ ಬಾಣಂತಿಯ ನಡ ಗಟ್ಟಿಯಾಗಲಿ ಎಂದು ಕೊಡುತ್ತಿದ್ದದ್ದು. ಅತ್ತೆಯವರಿಗೆ ಇದು ಬಹಳ ಹಿಡಿಸಿತು. ‘ಹಡೀದಽ ಬಾಣಂತನ ಮಾಡ್ಕೊಳ್ಳಾಕತ್ತಾರ, ಶಾಣ್ಯಾರದಾರ’ ಎಂದರು.

ಮನೆಗೆ ಬಂದಾಗ ಏಳು ಗಂಟೆ. ನಮ್ಮವರು ಅವಲಕ್ಕಿ ಹಚ್ಚಿಕೊಂಡು ತಿಂದು, ಪಾತ್ರೆ ಹಾಗೇ ಬಿಟ್ಟಿದ್ದರು. ಅದನ್ನು ತೊಳೆದವಳು ನಾನೇ, ಬೇರೆ ಯಾರು? ಆದರೆ ರವಿವಾರ ರಾತ್ರಿ ಹುಡುಗಿ ಒಲೆ ಮುಂದೆ ಕುಂತಳು. ಅವಳ ರೊಟ್ಟಿ ನಮ್ಮ ಕರ್ನಾಟಕದ ನಕಾಶೆಯಂತೆ ಉದ್ದಕ್ಕೆ ಬಂದವು, ಅಲ್ಲಲ್ಲಿ ಹರಿದಿದ್ದವು. ಬಿಸಿಯಾಗಿದ್ದವು. ನಾನೂ ಅತ್ತೆಯವರೂ ಎಲ್ಲರಿಗಿಂತ ಮೊದಲು ಕುಂತು ಉಂಡೆವು. ನಮ್ಮವರು ಬಾಗಿಲಲ್ಲಿ ಎರಡು ಸಲ ಇಣುಕಿ ಹೋದರು.

ಹುಡುಗಿ ಬೆಂಗಳೂರಿಗೆ ಹೊರಡುವಾಗ ಎರಡು ಖಣ, ಒಂದು ಕೌದಿ ಕಟ್ಟಿಕೊಂಡಳು. ಚಂಚಿಯನ್ನೂ ಕೇಳಿದಳು. ಅತ್ತೆಯವರು ಕೊಡಲಿಲ್ಲ. ಅದರಲ್ಲಿ ಈಗ ಎಲೆ ಅಡಿಕೆಯ ಜತೆ ಅವರ ಆಧಾರ್ ಕಾರ್ಡು ಇದೆ. ಮುಂದಿನ ಸಲ ಸಂಕೇಶ್ವರವಂತೆ.